ಆಲಪ್ಪುಳದ ಹಾಗೆ ನಾವೂ ಸಿಪ್ಪೆ ಕೊಳೆ ಹಾಕೋಣವೇ?

ಪ್ರಶ್ನೆ: ನಮ್ಮದು ಕುಂದಾಪುರ ಕಡೆ ಹೊಳೆಬದಿಯ ತೆಂಗಿನ ತೋಟ. ವರ್ಷಕ್ಕೆ ಎಂಟು ಸಾವಿರ ಕಾಯಿ ಸುಲಿಯುತ್ತೇವೆ. ಸಿಪ್ಪೆಯೆಲ್ಲ ಬಚ್ಚಲ ಒಲೆಗೆ ಹೋಗುತ್ತದೆ. ಕೇರಳದ ಆಲಪ್ಪುಳ ಜಿಲ್ಲೆ ಈ ಸಿಪ್ಪೆಯಿಂದಲೇ ಬದುಕಿತು ಅಂತಾರೆ. ನಾವೂ ಸಿಪ್ಪೆ ಕೊಳೆ ಹಾಕಿ, ನಾರು ತೆಗೆದು, ಊರಿನ ಹೆಂಗಸರ ಸಂಘದಿಂದ ಹುರಿ ಮಾಡಿಸಬಹುದೇ?

ಉತ್ತರ: ಹುರಿಗೆ ಕೈ ಹಾಕಬೇಡಿ. ಯಾಕೆ ಅಂತ ಹೇಳುತ್ತೇನೆ.

ಆಲಪ್ಪುಳ ಬದುಕಿದ್ದು ನಿಜ. ತೆಂಗು, ಹಿನ್ನೀರು, ಬಂದರು ಮೂರೂ ಅಲ್ಲಿ ಒಂದೇ ಕಡೆ ಇದ್ದವು. 1859ರಲ್ಲಿ ಐರಿಷ್ ಮೂಲದ ಅಮೆರಿಕನ್ ಜೇಮ್ಸ್ ಡಾರಾ ಅಲ್ಲಿ ಕಾರ್ಖಾನೆ ತೆರೆದ. ಹಳ್ಳಿಗಳಿಂದ ಹುರಿ ದೋಣಿಯಲ್ಲಿ ಬಂತು, ಚಾಪೆ, ಕಾಲೊರಸು ಆಗಿ ಹಡಗು ಹತ್ತಿತು. ಆದರೆ ದುಡ್ಡು ಹೆಚ್ಚಾಗಿ ಉಳಿದದ್ದು ಹಡಗಿನ ಕಡೆ, ನಾರು ಬಡಿದವರ ಕಡೆ ಅಲ್ಲ.

ಆ ಕೆಲಸ ಹೇಗಿರುತ್ತದೆ ನೋಡಿ. ಹಸಿ ಸಿಪ್ಪೆಯನ್ನು ಉಪ್ಪು ಬೆರೆತ ಹಿನ್ನೀರಲ್ಲಿ ಮುಳುಗಿಸಿ ಆರರಿಂದ ಹತ್ತು ತಿಂಗಳು ಬಿಡಬೇಕು. ನೀರು ಕಪ್ಪಾಗಿ ಕೊಳೆತ ಮೊಟ್ಟೆಯ ವಾಸನೆ ಹೊಡೆಯುತ್ತದೆ, ಮೀನು ಆ ಕಡೆ ಸುಳಿಯುವುದಿಲ್ಲ. ಆಮೇಲೆ ಹೊರಸಿಪ್ಪೆ ಕಿತ್ತು ಮರದ ಕೊಡತಿಯಲ್ಲಿ ಬಡಿಯಬೇಕು. ಹುರಿ ಮಾಡುವಾಗ ಒಬ್ಬರು ರಾಟೆ ತಿರುಗಿಸಿದರೆ ಇನ್ನಿಬ್ಬರು ಮಡಿಲಲ್ಲಿ ನಾರು ತುಂಬಿಕೊಂಡು ಹಿಂದಕ್ಕೆ ನಡೆಯುತ್ತಾ ಎಳೆ ಬಿಡಬೇಕು. ನಾರು ಚಿನ್ನದ ಬಣ್ಣಕ್ಕೆ ಬರುತ್ತದೆ, ಚಂದವೇ. ಕೂಲಿ ಮಾತ್ರ ಹುಟ್ಟುವುದು ಕಷ್ಟ. ಹೊಳೆ ಕೆಡಿಸಿದಿರಿ ಅಂತ ಮೀನುಗಾರರ ಜೊತೆ ಜಗಳ ಬೇರೆ.

ಈಗ ಆಲಪ್ಪುಳಕ್ಕೇ ತಮಿಳುನಾಡಿನಿಂದ ನಾರು ಬರುತ್ತದೆ. ಕಾಯಿಗೆ ಅಲ್ಲೇನೂ ಬರವಿಲ್ಲ. ಆದರೆ ಮನೆಮನೆಯ ಹಿತ್ತಲಲ್ಲಿ ಚೆಲ್ಲಿಕೊಂಡಿರುವ ಸಿಪ್ಪೆಯನ್ನು ಒಂದೆಡೆ ತರುವವರು ಯಾರು? ತಮಿಳುನಾಡಿನ ಪೊಳ್ಳಾಚಿಯಲ್ಲಾದರೆ ದೊಡ್ಡ ತೋಟ, ಹತ್ತಿರದಲ್ಲೇ ಯಂತ್ರ. ಸಿಪ್ಪೆ ಸಾಕಷ್ಟು ಒಂದೆಡೆ ಸೇರದ ತೊಡಕು ನಿಮಗೂ ಇದೆ. ಸಾವಿರ ಸಿಪ್ಪೆಗೆ ಸುಮಾರು 80 ಕೆ.ಜಿ. ನಾರು ಅಂತ ಲೆಕ್ಕ ಹಾಕಿ. ನಿಮ್ಮದು ಆರೂವರೆ ಕ್ವಿಂಟಾಲ್ ಅಷ್ಟೇ! ನಾರು ಬಿಡಿಸುವ ಯಂತ್ರಕ್ಕೆ ಅದು ಒಂದೆರಡು ದಿನದ ಮೇವು.

ನಾರಿನ ಎರಡು ಪಟ್ಟಿನಷ್ಟು ಪುಡಿಯೂ ಉದುರುತ್ತದೆ. ಹಿಂದೆ ಅದು ಕಸ, ಈಗ ಮಣ್ಣಿನ ಬದಲು ಗಿಡ ಬೆಳೆಸಲು ಬಳಸುವ ಕೋಕೋಪೀಟ್ ಆಗಿ ವಿದೇಶಕ್ಕೆ ಹೋಗುತ್ತದೆ. ಆದರೆ ಉಪ್ಪುನೀರಲ್ಲಿ ಕೊಳೆತ ಸಿಪ್ಪೆಯ ಪುಡಿಯಲ್ಲಿ ಉಪ್ಪು ಜಾಸ್ತಿ. ಸಿಹಿನೀರಲ್ಲಿ ಚೆನ್ನಾಗಿ ತೊಳೆಯದೆ ನರ್ಸರಿಯವರು ಮುಟ್ಟುವುದಿಲ್ಲ, ಗಿಡ ಸುಟ್ಟುಹೋಗುತ್ತದೆ. ನಿಮ್ಮ ಹೊಳೆಯಲ್ಲೂ ಉಪ್ಪುನೀರು ಏರುತ್ತದೆ ತಾನೇ?

ನನ್ನನ್ನು ಕೇಳಿದರೆ, ಸಿಪ್ಪೆ ತೋಟದಲ್ಲೇ ಉಳಿಯಲಿ. ಮರಗಳ ಸಾಲಿನ ನಡುವೆ ಕಾಲುವೆ ತೋಡಿ, ಸಿಪ್ಪೆಯ ಒಳಮೈ ಮೇಲೆ ಬರುವಂತೆ ಪದರ ಪದರವಾಗಿ ಜೋಡಿಸಿ ಮಣ್ಣು ಮುಚ್ಚಿ. ಮಳೆನೀರು ಹಿಡಿದು ಬೇಸಿಗೆಯಲ್ಲಿ ಬೇರಿಗೆ ಕೊಡುತ್ತದೆ, ಐದಾರು ವರ್ಷ ಬಾಳುತ್ತದೆ. ಒಲೆಗೆ ಗರಿ, ಹೆಡೆಮಟ್ಟೆ ಇದ್ದೇ ಇದೆ.

ಸಂಘದವರಿಗೆ ಕೆಲಸ ಬೇಕೇ ಬೇಕೆಂದರೆ ತಿಪಟೂರು, ಅರಸೀಕೆರೆ ಕಡೆಯಿಂದ ನಾರು ಕೊಂಡು ಕಾಲೊರಸು, ಗಿಡದ ಕುಂಡ ಮಾಡಿಸಿ. ಆಲಪ್ಪುಳ ಹತ್ತಿರದ ಕಲವೂರಿನಲ್ಲಿ ಕೇಂದ್ರ ಸರ್ಕಾರದ ಕಾಯರ್ ಬೋರ್ಡಿನ (ತೆಂಗಿನ ನಾರು ಮಂಡಳಿ) ತರಬೇತಿ ಕೇಂದ್ರವಿದೆ. ಇಬ್ಬರನ್ನು ಕಳಿಸಿ ಕಲಿಸಿ. ಯಂತ್ರಕ್ಕೆ ಸಾಲ ಮಾಡುವ ಮೊದಲು ಕೊಳ್ಳುವ ನರ್ಸರಿ, ಅಂಗಡಿಗಳಿಂದ ಆರ್ಡರ್ ಬರೆಸಿಕೊಳ್ಳಿ.