ನಮ್ಮ ಕಡೆಯ ಸಣ್ಣ ಸಿನಿಮಾದವರಿಗೆ ದುಡ್ಡಿಲ್ಲದವರು ಹೇಗೆ ನೆರವಾಗಬಹುದು?

ನೀವು ಧಾರವಾಡದವರು, ಕೈಯಲ್ಲಿ ದೊಡ್ಡ ದುಡ್ಡಿಲ್ಲ. ಆದರೂ ಹಳ್ಳಿಯಿಂದ ಬಂದು ಸ್ವಂತ ಸಿನಿಮಾ ಮಾಡುವ ಹೆಣ್ಣುಮಕ್ಕಳಿಗೆ, ಬಡ ಹುಡುಗರಿಗೆ ನೆರವಾಗಬೇಕು ಎಂದು ಕೇಳಿದ್ದೀರಿ. ನಾನು ಮಾಡಿದ್ದನ್ನೇ ಹೇಳುತ್ತೇನೆ.

ಮೂರು ವರ್ಷದ ಹಿಂದೆ ಗದಗ ಕಡೆಯ ಹುಡುಗಿಯೊಬ್ಬಳು ಇಪ್ಪತ್ತು ನಿಮಿಷದ ಸಿನಿಮಾ ಮಾಡಿದಳು. ನಮ್ಮ ಹಳ್ಳಿಯ ಮನೆಯನ್ನು ಐದು ದಿನ ಬಿಟ್ಟುಕೊಟ್ಟೆವು. ಎಂಟು ಜನಕ್ಕೆ ರೊಟ್ಟಿ, ಪಲ್ಯ ಅವ್ವನೇ ಮಾಡಿದಳು. ಕ್ಯಾಮೆರಾ ಗೆಳೆಯರ ಹತ್ತಿರ ಸಿಕ್ಕಿತ್ತು. ಸಿನಿಮಾ ತಂಡದ ದುಡ್ಡು ಕರಗುತ್ತಿದ್ದದ್ದು ಊಟ, ವಸತಿ, ಗಾಡಿ ಬಾಡಿಗೆಗೆ. ಸರ್ಕಾರದ ಸಹಾಯಧನ ಇದೆ ನಿಜ. ಅದು ಪೂರ್ತಿ ಉದ್ದದ ಚಿತ್ರಗಳಿಗೆ, ಅದೂ ಸಿನಿಮಾ ಮುಗಿದು ಸೆನ್ಸಾರ್ ಆದ ಮೇಲೆ. ಶೂಟಿಂಗ್ ದಿನದ ಹಸಿವಿಗೆ ಅದು ಬರುವುದಿಲ್ಲ.

ನಾನು ಜಾಸ್ತಿ ಉಪಯೋಗಕ್ಕೆ ಬಂದದ್ದು ಮಾತ್ರ ಆಮೇಲೆ, ಸಬ್‌ಟೈಟಲ್ ಬರೆಯುವಾಗ. ಹೊರದೇಶದ ಚಿತ್ರೋತ್ಸವಕ್ಕೆ ಕಳಿಸಲು ಇಂಗ್ಲಿಷ್ ಸಬ್‌ಟೈಟಲ್ ಬೇಕೇ ಬೇಕು. ಅವಳು ಬೇರೆ ಊರಲ್ಲಿ ಮಾಡಿಸಿದ್ದಳು. ಸಿನಿಮಾದಲ್ಲಿ ತಾಯಿ ಮಗಳಿಗೆ ಪ್ರೀತಿಯಿಂದ ‘ಬಾ ಯವ್ವಾ’ ಅನ್ನುತ್ತಾಳೆ. ಕೆಳಗೆ ‘ಮದರ್, ಕಮ್’ ಎಂದು ಬಂದಿತ್ತು! ಯಾರು ತಾಯಿ, ಯಾರು ಮಗಳು ಅನ್ನುವುದೇ ಅದಲುಬದಲು. ನಾವಿಬ್ಬರೂ ಕೂತು ನಾಲ್ಕು ರಾತ್ರಿ ಎಲ್ಲವನ್ನೂ ಮೊದಲಿಂದ ಬರೆದೆವು. ನಮ್ಮ ಉತ್ತರ ಕರ್ನಾಟಕದ ಮಾತನ್ನು ಸಿನಿಮಾದವರು ಬಹಳ ಸಲ ನಗಿಸಲಿಕ್ಕೇ ಬಳಸಿದ್ದಾರೆ. ಅದೇ ಮಾತಿನಲ್ಲಿ ಒಂದು ಮನೆಯ ದುಃಖ ಹೇಳಿದವಳು ಆ ಹುಡುಗಿ. ಅದು ಇಂಗ್ಲಿಷಿನಲ್ಲಿ ಕೆಡಬಾರದಲ್ವಾ? ಧಾರವಾಡದಲ್ಲಿ ಎರಡೂ ಭಾಷೆ ಚೆನ್ನಾಗಿ ಬಲ್ಲ ಮೇಷ್ಟ್ರುಗಳು ಓಣಿಗೊಬ್ಬರಿದ್ದಾರೆ. ಅವರನ್ನು ಕೇಳಿ.

ಇನ್ನೊಂದು, ನೋಡುವುದು. ಕೊಪ್ಪಳ ಜಿಲ್ಲೆಯ ಯರೇಹಂಚಿನಾಳದಲ್ಲಿ ತೆಗೆದ ‘ಶಿವಮ್ಮ’ 2022ರಲ್ಲಿ ದಕ್ಷಿಣ ಕೊರಿಯಾದ ಬುಸಾನ್ ಚಿತ್ರೋತ್ಸವದಲ್ಲಿ, ಹೊಸ ನಿರ್ದೇಶಕರಿಗಾಗಿ ಇದ್ದ ನ್ಯೂ ಕರೆಂಟ್ಸ್ ಪ್ರಶಸ್ತಿ ಗೆದ್ದಿತು. ಥಿಯೇಟರ್‌ಗೆ ಬಂದದ್ದು 2024ರಲ್ಲಿ. ಇಂಥ ಸಿನಿಮಾ ಬಂದರೆ ‘ಆಮೇಲೆ ಮೊಬೈಲ್‌ನಲ್ಲಿ ನೋಡಿದರಾಯಿತು’ ಅನ್ನಬೇಡಿ. ಮೊದಲ ಶುಕ್ರವಾರವೇ ಹೋಗಿ, ನಾಲ್ಕು ಜನರನ್ನು ಕರೆದುಕೊಂಡು ಹೋಗಿ. ಸೀಟು ಖಾಲಿ ಕಂಡರೆ ಸೋಮವಾರದ ಹೊತ್ತಿಗೆ ಶೋ ಇರುವುದಿಲ್ಲ.

ಕಾಲೇಜಿನಲ್ಲೋ ಸಂಘದಲ್ಲೋ ಪ್ರದರ್ಶನ ಇಟ್ಟರೆ ಸುಮ್ನೆ ಶಾಲು, ಹಾರ ಬೇಡ. ಹತ್ತಿಪ್ಪತ್ತು ರೂಪಾಯಿ ಟಿಕೆಟ್ ಇಟ್ಟು, ಬಂದದ್ದನ್ನು ಸಿನಿಮಾ ಮಾಡಿದವರ ಕೈಗೆ ಕೊಡಿ.

ಆ ಹುಡುಗಿ ಈಗ ಎರಡನೇ ಸಿನಿಮಾ ಬರೆದಿದ್ದಾಳೆ. ನವಲಗುಂದ ಕಡೆ ಎರಿ (ಕಪ್ಪು ಮಣ್ಣಿನ) ಹೊಲದಲ್ಲಿ ಶೂಟಿಂಗ್. ಹಳೇ ಟ್ರ್ಯಾಕ್ಟರ್ ಒಂದು ಎರಡು ದಿನಕ್ಕೆ ಬೇಕಂತೆ. ನಿಮಗೆ ಗೊತ್ತಿರುವವರ ಹತ್ತಿರ ಇದ್ದರೆ ತಿಳಿಸಿ.