ಹಾರ್ಲೆ ಎಕ್ಸ್‌ಆರ್1000, ಇಬಿಆರ್ 1190ಆರ್‌ಎಕ್ಸ್: ಸಂಗ್ರಹಕ್ಕೆ ಯಾವುದು?

ವಿಸ್ಕಾನ್ಸಿನ್‌ನಲ್ಲಿ 1984ರ ಹಾರ್ಲೆ ಡೇವಿಡ್‌ಸನ್ ಎಕ್ಸ್‌ಆರ್1000 ಮತ್ತು 2014ರ ಇಬಿಆರ್ (ಎರಿಕ್ ಬ್ಯೂಯೆಲ್ ರೇಸಿಂಗ್) 1190ಆರ್‌ಎಕ್ಸ್ ಬೈಕ್ ಎರಡೂ ಮಾರಾಟಕ್ಕಿವೆ, ಎರಡನ್ನೂ "ಬಹಳ ಅಪರೂಪ" ಎನ್ನುತ್ತಿದ್ದಾರೆ, ಬಹುಕಾಲ ಇಟ್ಟುಕೊಳ್ಳಲು ಯಾವುದು ಒಳ್ಳೆಯದು, ನೋಡಲು ಹೋದಾಗ ಏನೇನು ಪರೀಕ್ಷಿಸಬೇಕು ಎಂದು ಕೇಳಿದ್ದೀರಿ. ನನ್ನನ್ನು ಕೇಳಿದರೆ ಎಕ್ಸ್‌ಆರ್1000, ಆದರೆ ಅದರ ಮೂಲ ಭಾಗಗಳೆಲ್ಲ ಅದರ ಮೇಲೇ ಇದ್ದರೆ ಮಾತ್ರ. ಓಡಿಸುವುದೇ ಮುಖ್ಯವಾದರೆ ಆರ್‌ಎಕ್ಸ್.

ಕಡಿಮೆ ತಯಾರಾಗಿದೆ ಎಂಬುದೊಂದನ್ನೇ ನಂಬಿ ದುಡ್ಡು ಹಾಕಬೇಡಿ. ಯಾಕೆ ಕಡಿಮೆಯಾಯಿತು ಎಂದು ಮೊದಲು ವಿಚಾರಿಸಿ. ಹಾರ್ಲೆಯ ವಿಆರ್1000 ಸೂಪರ್‌ಬೈಕ್ ರೇಸಿನ ನಿಯಮ ಪೂರೈಸಲೆಂದೇ 1994ರಲ್ಲಿ 50 ತಯಾರಾಯಿತು. ರಸ್ತೆಯ ಮಾನ್ಯತೆಯನ್ನು ಅಮೆರಿಕದಲ್ಲಿ ಅಲ್ಲ, ಪೋಲೆಂಡಿನಲ್ಲಿ ಪಡೆದರು. ಎಕ್ಸ್‌ಆರ್1000 ಕಥೆ ಬೇರೆ. 1983ರಲ್ಲಿ ಹಾರ್ಲೆಯದೇ ಸಾದಾ ಬೈಕ್ ಸ್ಪೋರ್ಟ್‌ಸ್ಟರ್ ಎಕ್ಸ್‌ಎಲ್‌ಎಕ್ಸ್ 3,995 ಡಾಲರಿಗೆ ಸಿಗುತ್ತಿದ್ದಾಗ, ನೋಡಲು ಹೆಚ್ಚು ಕಡಿಮೆ ಹಾಗೇ ಇರುವ ಇದಕ್ಕೆ 6,995 ಇಟ್ಟರು. ಜನ ಕೊಳ್ಳಲಿಲ್ಲ, ಎರಡೇ ವರ್ಷಕ್ಕೆ ನಿಂತುಹೋಯಿತು. ಆದರೂ ಇವತ್ತು ಅದನ್ನು ಹುಡುಕುವವರಿದ್ದಾರೆ, ಕಾರಣ ಅದರ ಹೆಡ್‌ಗಳು, ಅಂದರೆ ಸಿಲಿಂಡರುಗಳ ಮೇಲೆ ಕೂರುವ ಮುಚ್ಚಳ ಭಾಗಗಳು. ಮಣ್ಣಿನ ಟ್ರ್ಯಾಕಿನ ರೇಸ್ ಬೈಕ್ ಎಕ್ಸ್‌ಆರ್750ರ ಅಲ್ಯೂಮಿನಿಯಂ ಹೆಡ್‌ಗಳ ಮಾದರಿಯನ್ನು ರಸ್ತೆ ಬೈಕಿಗೆ ತಂದದ್ದು ಇದೊಂದೇ. ಇದೇ ವಂಶದ ಎಂಜಿನ್ ಹೊತ್ತ ರೇಸ್ ಬೈಕಿನಲ್ಲಿ ಜೇ ಸ್ಪ್ರಿಂಗ್‌ಸ್ಟೀನ್ 1983ರಲ್ಲಿ ಡೇಟೋನಾದ ಬ್ಯಾಟಲ್ ಆಫ್ ದ ಟ್ವಿನ್ಸ್ (ಎರಡು ಸಿಲಿಂಡರ್ ಬೈಕ್‌ಗಳ ರೇಸ್) ಗೆದ್ದರು. ಹಾರ್ಲೆಯಲ್ಲಿ ಎಂಜಿನಿಯರ್ ಆಗಿದ್ದ ಎರಿಕ್ ಬ್ಯೂಯೆಲ್ ತಮ್ಮ ರೇಸ್ ಬೈಕ್ ಆರ್‌ಆರ್1000 ಕಟ್ಟಿದ್ದೂ ಉಳಿದ ಎಕ್ಸ್‌ಆರ್1000 ಎಂಜಿನ್‌ಗಳ ಮೇಲೆಯೇ; ಅದು ತಯಾರಾದದ್ದು ಬರೀ 50.

ಅಂದರೆ ನೀವು ಬೆಲೆ ಕೊಡುತ್ತಿರುವುದು ಬೈಕಿನ ಮೇಲರ್ಧಕ್ಕೆ. ಕೆಳಗಿನ ಕ್ರ್ಯಾಂಕ್‌ಕೇಸ್, ಗೇರ್‌ಬಾಕ್ಸ್, ಚಾಸಿಗಳಿಗೆ ಸ್ಪೋರ್ಟ್‌ಸ್ಟರ್ ಸಾಮಾನು ಸುಲಭವಾಗಿ ಸಿಗುತ್ತದೆ. ಹೆಡ್ಡು, ಕಾರ್ಬ್ಯುರೇಟರ್, ಸೈಲೆನ್ಸರ್ ಹೋದರೆ ಸಿಗುವುದಿಲ್ಲ, ಸಿಕ್ಕರೂ ಮಾರುವವನು ಹೇಳಿದ್ದೇ ಬೆಲೆ. ಹತ್ತಿರ ನಿಂತು ನೋಡಿ: ಬಲಬದಿಯಲ್ಲಿ 36 ಎಂಎಂನ ಎರಡು ಡೆಲ್‌ಓರ್ಟೊ ಕಾರ್ಬ್ಯುರೇಟರ್‌ಗಳು ಹೊರಕ್ಕೆ ಚಾಚಿ, ಕೂತವರ ಬಲ ಮೊಣಕಾಲಿಗೆ ತಾಗುವ ಹಾಗಿರಬೇಕು. ಎಡಬದಿಯಲ್ಲಿ ಎರಡು ಕಪ್ಪು ಸೈಲೆನ್ಸರ್‌ಗಳು ಒಂದರ ಮೇಲೊಂದು ಎತ್ತರದಲ್ಲಿ ಹೋಗಬೇಕು. ಕಾರ್ಬ್ಯುರೇಟರ್ ಜಾಗದಲ್ಲಿ ಬೇರೆ ಕಂಪನಿಯದು ಕಂಡರೆ ಹಳೆಯದು ಎಲ್ಲಿ ಎಂದು ಕೇಳಿ. ಡಬ್ಬದಲ್ಲಿಟ್ಟು ಕೊಟ್ಟರೆ ಚಿಂತೆಯಿಲ್ಲ, "ಯಾವಾಗಲೋ ಹೋಯ್ತು" ಎಂದರೆ ಬೆಲೆ ಇಳಿಸಲೇಬೇಕು. ಟಾರ್ಚ್ ಹಿಡಿದು ಸ್ಪಾರ್ಕ್ ಪ್ಲಗ್ ಮತ್ತು ಎಕ್ಸಾಸ್ಟ್ ಪೋರ್ಟಿನ ಸುತ್ತ ಬಿರುಕು, ವೆಲ್ಡಿಂಗ್ ಗುರುತು ಹುಡುಕಿ. ಟ್ಯಾಂಕಿನ ಮೂಲ ಬಣ್ಣಕ್ಕೆ ಗೀರು ಬಿದ್ದಿದ್ದರೆ ಹಾಗೇ ಬಿಡಿ. ಹೊಸ ಪೇಂಟ್ ಎಷ್ಟು ಚೆನ್ನಾಗಿದ್ದರೂ ಸಂಗ್ರಾಹಕರ ಕಣ್ಣಲ್ಲಿ ಅದು ಕಳೆದುಕೊಂಡದ್ದೇ.

ನಂಬರ್ ವಿಷಯದಲ್ಲಿ ಅವಸರ ಬೇಡ. ಹ್ಯಾಂಡಲ್ ಕೆಳಗಿನ ಸ್ಟೀರಿಂಗ್ ಹೆಡ್ ಮೇಲೆ 17 ಅಕ್ಷರದ ಚಾಸಿ ನಂಬರ್ ಇರುತ್ತದೆ, ಅದರ ಹತ್ತನೆಯ ಅಕ್ಷರ 1983ಕ್ಕೆ ಡಿ, 1984ಕ್ಕೆ ಇ. ಎಂಜಿನ್ ಮೇಲೆ ಅದರದೇ ಸಂಕ್ಷಿಪ್ತ ರೂಪ ಇರುತ್ತದೆ, ಎರಡೂ ತಾಳೆಯಾಗಬೇಕು. ಅಂಕಿಗಳ ಸುತ್ತಲಿನ ಲೋಹ ಅಕ್ಕಪಕ್ಕಕ್ಕಿಂತ ನುಣುಪಾಗಿದ್ದರೆ ಅಲ್ಲಿ ಉಜ್ಜಿದ್ದಾರೆ ಎಂದೇ ಅರ್ಥ, ಮುಂದೆ ಮಾತಾಡುವುದೇ ಬೇಡ. ಟೈಟಲ್ ಪತ್ರದಲ್ಲಿ (ಮಾಲೀಕತ್ವದ ದಾಖಲೆ) ಸಾಲ್ವೇಜ್ ಅಥವಾ ರೀಬಿಲ್ಟ್, ಅಂದರೆ ತೀವ್ರ ಹಾನಿಯಾದದ್ದು ಅಥವಾ ಹಾಗಾಗಿ ಮತ್ತೆ ಕಟ್ಟಿದ್ದು ಎಂದಿದ್ದರೂ ಸಂಗ್ರಹಕ್ಕೆ ಬೇಡ.

ಇನ್ನು 1190ಆರ್‌ಎಕ್ಸ್. ಹಾರ್ಲೆ 2009ರ ಅಕ್ಟೋಬರಿನಲ್ಲಿ ಬ್ಯೂಯೆಲ್ ಬ್ರ್ಯಾಂಡ್ ನಿಲ್ಲಿಸಿದ ಮೇಲೆ ಎರಿಕ್ ಬ್ಯೂಯೆಲ್ ಸ್ವಂತವಾಗಿ ಕಟ್ಟಿದ ಕಂಪನಿಯದು. ನಮ್ಮ ಹೀರೊ ಮೋಟೊಕಾರ್ಪ್ ಅದರಲ್ಲಿ ಸುಮಾರು ಅರ್ಧ ಪಾಲು ಕೊಂಡಿತ್ತು. 2015ರ ಏಪ್ರಿಲ್‌ನಲ್ಲಿ ಕಂಪನಿ ಬಾಗಿಲು ಹಾಕಿತು. ಎಂಜಿನಿಯರಿಂಗ್ ನಿಜಕ್ಕೂ ಅದ್ಭುತ: 185 ಹಾರ್ಸ್‌ಪವರ್, ಮುಂದಿನ ಚಕ್ರದ ರಿಮ್ಮಿಗೇ ಕೂರಿಸಿದ 386 ಎಂಎಂ ಡಿಸ್ಕ್, ಫ್ರೇಮಿನೊಳಗೇ ಪೆಟ್ರೋಲ್. ಇವೇ ಕೊಳ್ಳುವಾಗ ನೋಡಬೇಕಾದ ಜಾಗಗಳೂ ಹೌದು. ಫ್ರೇಮೇ ಟ್ಯಾಂಕ್ ಆದ್ದರಿಂದ ಬಿದ್ದ ಬೈಕಿನ ಫ್ರೇಮಿನಲ್ಲಿ ಆಳವಾದ ಗುಳಿಯಿದ್ದರೆ ಅದು ಬರೀ ಅಂದದ ಪ್ರಶ್ನೆಯಲ್ಲ. ರಿಮ್ ಬಾಗಿದರೆ ಬ್ರೇಕಿಗೂ ತೊಂದರೆ. ಡ್ಯಾಶ್ ಪರದೆ, ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಕೆಟ್ಟರೆ ಪಕ್ಕದ ಅಂಗಡಿಯಲ್ಲಿ ಸಿಗುವ ಸಾಮಾನಲ್ಲ. ಇದೇ ಮನೆಯದು ಸಂಗ್ರಹಕ್ಕೆ ಬೇಕೆಂದರೆ ಇದಕ್ಕಿಂತ ಮೊದಲಿನ 1190ಆರ್‌ಎಸ್ ನೋಡಿ. ಅದನ್ನು 100ಕ್ಕೆ ಸೀಮಿತ ಎಂದೇ ಘೋಷಿಸಿ, 40,000 ಡಾಲರಿನ ಆಸುಪಾಸಿನಲ್ಲಿ ಮಾರಿದರು. ಆರ್‌ಎಕ್ಸ್ ಹಾಗಲ್ಲ, ಕಂಪನಿ ಮುಳುಗಿದ್ದರಿಂದ ಕಡಿಮೆಯಾದದ್ದು, ಮುಚ್ಚಿದ ಮೇಲೆ ಉಳಿದ ಬೈಕ್‌ಗಳು ಅಗ್ಗಕ್ಕೆ ಹೋದವು. ಆ ನೆನಪು ಮಾರುಕಟ್ಟೆಯಿಂದ ಇನ್ನೂ ಹೋಗಿಲ್ಲ.

ಬೆಲೆಗೆ ಜಾಹೀರಾತು ನೋಡಬೇಡಿ. ಪ್ರತಿ ಜನವರಿ ಲಾಸ್ ವೇಗಸ್‌ನಲ್ಲಿ ನಡೆಯುವ ಮೀಕಮ್ ಹರಾಜಿನಲ್ಲಿ, ಬ್ರಿಂಗ್ ಎ ಟ್ರೇಲರ್ ಎಂಬ ಆನ್‌ಲೈನ್ ಹರಾಜು ತಾಣದಲ್ಲಿ ನಿಜವಾಗಿ ಮಾರಾಟವಾದ ಬೆಲೆಗಳು ಸಿಗುತ್ತವೆ. ಮೂಲ ಭಾಗಗಳಿರುವುದನ್ನು ಅಂಥದ್ದಕ್ಕೇ ಹೋಲಿಸಿ.

ಎಕ್ಸ್‌ಆರ್1000 ವರ್ಷಗಟ್ಟಲೆ ನಿಂತಿದ್ದರೆ ಮಾಲೀಕರಿಗೆ ತಕ್ಷಣ ಸ್ಟಾರ್ಟ್ ಮಾಡಲು ಬಿಡಬೇಡಿ. ಮೊದಲು ಆಯಿಲ್ ಟ್ಯಾಂಕ್ ನೋಡಿ. ಮಟ್ಟ ಇಳಿದಿದ್ದರೆ ಮೇಲಿಂದ ತುಂಬಬಾರದು, ಏಕೆಂದರೆ ನಿಂತ ಬೈಕಿನಲ್ಲಿ ಆಯಿಲ್ ಪಂಪಿನ ಚೆಕ್ ವಾಲ್ವ್ ದಾಟಿ ಕ್ರ್ಯಾಂಕ್‌ಕೇಸಿಗೆ ಇಳಿದಿರುತ್ತದೆ. ಅದರ ಮೇಲೆ ಇನ್ನಷ್ಟು ಸುರಿದು ಸ್ಟಾರ್ಟ್ ಮಾಡಿದರೆ ಬ್ರೀದರ್ ಪೈಪಿನಿಂದ ಚಿಮ್ಮುತ್ತದೆ. ಕೆಳಗಿಳಿದ ಆಯಿಲ್ ತೆಗೆಸಿ, ಆಮೇಲೆಯೇ ಟ್ಯಾಂಕಿಗೆ ಸರಿಯಾದ ಮಟ್ಟಕ್ಕೆ ಆಯಿಲ್ ತುಂಬಿಸಿ, ಪ್ಲಗ್ ಬಿಚ್ಚಿ ಸಿಲಿಂಡರಿಗೆ ಒಂದೆರಡು ಚಮಚ ಆಯಿಲ್ ಬಿಟ್ಟು, ಎಂಜಿನ್ ಕೈಯಲ್ಲಿ ತಿರುಗುತ್ತದೆಯೇ ನೋಡಿ. ಆಮೇಲೆ ಬಿಸಿಯಾಗುವವರೆಗೆ ಓಡಿಸಿ, ಎರಡೂ ಪ್ಲಗ್ ತೆಗೆದು ಥ್ರಾಟಲ್ ಪೂರ್ತಿ ತೆರೆದು ಕಂಪ್ರೆಶನ್ ಅಳೆಯಿರಿ. ಎರಡು ಸಿಲಿಂಡರ್ ನಡುವೆ 10 ಶೇಕಡಾಕ್ಕಿಂತ ಹೆಚ್ಚು ವ್ಯತ್ಯಾಸ ಬಂದರೆ ಲೀಕ್‌ಡೌನ್ ಪರೀಕ್ಷೆ (ಸಿಲಿಂಡರಿಗೆ ಗಾಳಿಯೊತ್ತಿ ಎಲ್ಲಿ ಸೋರುತ್ತದೆ ಎಂದು ನೋಡುವುದು) ಮಾಡಿಸದೆ ಮುಂಗಡ ಕೊಡಬೇಡಿ.