ಹೊರಬಾರದ ಆಟಕ್ಕೆ ಎರಡು ಪುಟ ಯಾಕೆ?

ಓದುಗರ ಪತ್ರ: "ಕಳೆದ ಸಂಚಿಕೆಯಲ್ಲಿ 'ಕ್ಯಾಸಲ್‌ವೇನಿಯಾ: ರೆಸರೆಕ್ಷನ್' ಬಗ್ಗೆ ಎರಡು ಪುಟ ಬರೆದಿದ್ದೀರಿ. ಡ್ರೀಮ್‌ಕ್ಯಾಸ್ಟ್ ಎಂಬ ವಿಡಿಯೋ ಗೇಮ್ ಯಂತ್ರಕ್ಕೆ ಅಂತ ಮಾಡುತ್ತಿದ್ದ ವ್ಯಾಂಪೈರ್ ಬೇಟೆಯ ಆಟ, 2000ದಲ್ಲಿ ಕೈಬಿಟ್ಟರು. ಮಾಡಿದವರಿಗೇ ಬೇಡವಾದದ್ದು ನಮಗ್ಯಾಕೆ? ಆಡಲು ಸಿಗುವ ಹಾರರ್ ಆಟಗಳು ಬೇಕಾದಷ್ಟಿವೆ."

ಸಂಪಾದಕರ ಉತ್ತರ: ಒಪ್ಪಿದೆ. ಅರೆಬೆಂದದ್ದನ್ನು ಬಡಿಸೋದಿಲ್ಲ ಅನ್ನುವ ಹಕ್ಕು ಅಡುಗೆ ಮಾಡಿದವರಿಗೆ ಇದ್ದೇ ಇದೆ. 2021ರಲ್ಲಿ ಅದೇ ಆಟದ ಅರ್ಧಂಬರ್ಧ ಪ್ರತಿ ಹೊರಬಿದ್ದಾಗ ಅದನ್ನು ಮಾಡಿದವರಿಗೆ ಮುಜುಗರ ಆಗಿದ್ದರೂ ಆಶ್ಚರ್ಯವಿಲ್ಲ. ನಿಮ್ಮ ಪಾಲಿನ ಮಾತು ಇಲ್ಲಿಗೆ ಮುಗಿಯಿತು. ಇನ್ನು ನನ್ನ ಸರದಿ.

ವ್ಯಾಂಪೈರ್ ಬೇಟೆಯ ಆಟ ಒಂದನ್ನು ನೆನೆಸಿಕೊಳ್ಳಿ. ಗುಂಡು ಖಾಲಿ. ಬಾಗಿಲಾಚೆ ಹೆಜ್ಜೆ ಸದ್ದು. ಓಡಿಹೋಗಿ ಕಿಟಕಿಯ ಪರದೆ ಸರಿಸುತ್ತೀರಿ, ಅಲ್ವಾ? ಬಿಸಿಲು ಬಿದ್ದರೆ ಅದು ಸಾಯುತ್ತದೆ ಅಂತ ಮಕ್ಕಳಿಗೂ ಗೊತ್ತು. ಆದರೆ 1897ರಲ್ಲಿ ಬ್ರಾಮ್ ಸ್ಟೋಕರ್ ಬರೆದ ಕಾದಂಬರಿಯಲ್ಲಿ ಡ್ರಾಕುಲಾ ಹಾಡಹಗಲೇ ಲಂಡನ್ನಿನಲ್ಲಿ ಓಡಾಡುತ್ತಾನೆ! ಹಗಲಲ್ಲಿ ಅವನ ಶಕ್ತಿ ಕಡಿಮೆ, ಅಷ್ಟೆ. ಬಿಸಿಲಿಗೆ ಸಾಯುವ ವ್ಯಾಂಪೈರ್ ಬಂದದ್ದು 1922ರ ಜರ್ಮನ್ ಮೂಕಿಚಿತ್ರ 'ನೊಸ್ಫೆರಾಟು'ವಿನಿಂದ. ಸ್ಟೋಕರ್ ಕಥೆಯನ್ನೇ ಬಳಸಿದ್ದರೂ ಆ ಚಿತ್ರಕ್ಕೆ ಹಕ್ಕು ಪಡೆದಿರಲಿಲ್ಲ. ಸ್ಟೋಕರ್ ಹೆಂಡತಿ ಫ್ಲಾರೆನ್ಸ್ ಕೋರ್ಟಿಗೆ ಹೋದರು. ಇರುವ ಪ್ರತಿಗಳನ್ನೆಲ್ಲ ನಾಶ ಮಾಡಿ ಅಂತ 1925ರಲ್ಲಿ ಆದೇಶವಾಯಿತು. ನ್ಯಾಯ ಆಕೆಯ ಕಡೆಗೇ ಇತ್ತು. ಆದರೂ ಒಂದಷ್ಟು ಪ್ರತಿಗಳು ಹೇಗೋ ಉಳಿದವು. ಉಳಿದದ್ದು ನನಗೆ ಖುಷಿಯೇ. ನೀವು ಆಟದಲ್ಲಿ ಪರದೆ ಸರಿಸುವುದು ಆ ಚಿತ್ರದ ಸಾಲದಲ್ಲಿ.

ಸ್ಟೋಕರ್ ಮೊದಲು ಏನು ಬರೆದುಕೊಂಡಿದ್ದರು ಗೊತ್ತೇ? ಖಳನ ಹೆಸರು ಕೌಂಟ್ ವ್ಯಾಂಪೈರ್. ಅವನ ಕೋಟೆ ಟ್ರಾನ್ಸಿಲ್ವೇನಿಯಾದಲ್ಲಲ್ಲ, ಆಸ್ಟ್ರಿಯಾದ ಸ್ಟೈರಿಯಾದಲ್ಲಿ. ಆ ಟಿಪ್ಪಣಿಗಳು ಇವತ್ತಿಗೂ ಫಿಲಡೆಲ್ಫಿಯಾದ ಒಂದು ಮ್ಯೂಸಿಯಂನಲ್ಲಿವೆ. ಹೊಡೆದುಹಾಕಿದ ಆ ಪೇಲವ ಹೆಸರು ನೋಡಿದ ಮೇಲೆಯೇ 'ಡ್ರಾಕುಲಾ' ಎಂಬುದು ಎಂಥ ಹೆಸರು ಅಂತ ನನಗೆ ಹೊಳೆದದ್ದು.

ಆಟಗಳಲ್ಲೂ ಹೀಗೇ. 'ರೆಸಿಡೆಂಟ್ ಈವಿಲ್ 2' ಎಂಬ ಜಾಂಬಿಗಳ (ನಡೆದಾಡುವ ಹೆಣಗಳ) ಆಟ ಬಹುಪಾಲು ಮುಗಿದಿದ್ದಾಗ ಅದನ್ನು ಮಾಡುತ್ತಿದ್ದ ಕ್ಯಾಪ್‌ಕಾಮ್ ಕಂಪನಿ ಅದನ್ನು ಬದಿಗಿಟ್ಟು ಮತ್ತೆ ಶುರುಮಾಡಿತು. ಹೊಸದು ಬಂದದ್ದು 1998ರಲ್ಲಿ. ಹಳೆಯದರಲ್ಲಿ ನಾಯಕಿ ಎಲ್ಜಾ ಎಂಬ ಬೈಕ್ ರೇಸರ್. ಪೊಲೀಸ್ ಠಾಣೆ ಯಾವುದೋ ಆಫೀಸಿನಂತೆ ಸಪ್ಪೆ. ಹೊಸದರಲ್ಲಿ ಕ್ಲೇರ್ ಬಂದಳು. ಠಾಣೆಯೋ, ಹಿಂದೆ ಕಲಾ ಮ್ಯೂಸಿಯಂ ಆಗಿದ್ದ ಕಟ್ಟಡ. ಪ್ರತಿಮೆಗಳು, ಎತ್ತರದ ಸೂರು, ಖಾಲಿ ಹಜಾರದ ಸದ್ದು. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಜಾಂಬಿ ಜಾಸ್ತಿ ಮಾಡಿ ಹೆದರಿಸಿದ್ದಲ್ಲ, ಜಾಗ ಬದಲಿಸಿ ಹೆದರಿಸಿದ್ದು. ಹಳೆಯದರ ಚಿತ್ರ, ವಿಡಿಯೋ ಉಳಿಯದೆ ಇದ್ದಿದ್ದರೆ ಇದು ಸುಮ್ನೆ ಊಹೆ ಆಗಿರುತ್ತಿತ್ತು.

ನೀವು 'ಆಡಲು ಸಿಗುವ ಆಟಗಳು' ಅಂದಿರಿ. ಸಿಗುತ್ತವೆಯೇ? 'ಪಿ.ಟಿ.' 2014ರ ಆಗಸ್ಟಿನಲ್ಲಿ ಪುಕ್ಕಟೆ ಬಂತು. ಮನೆಯೊಳಗಿನ ಒಂದೇ ಓಣಿಯಲ್ಲಿ ಸುತ್ತಿಸಿ ಸುತ್ತಿಸಿ ಬೆವರಿಳಿಸುವ ಆಟ. 2015ರ ಏಪ್ರಿಲಿನಲ್ಲಿ ಆನ್‌ಲೈನ್ ಅಂಗಡಿಯಿಂದಲೇ ಮಾಯ. ಅಮೆರಿಕದಲ್ಲಿ 2010ಕ್ಕೆ ಮೊದಲು ಬಿಡುಗಡೆಯಾದ ಆಟಗಳಲ್ಲಿ ಶೇ. 87ರಷ್ಟು ಈಗ ಮಾರಾಟದಲ್ಲಿಲ್ಲ ಎಂದು 2023ರ ಒಂದು ಅಧ್ಯಯನ ಹೇಳಿತು. ಅವೆಲ್ಲ ಬಿಡುಗಡೆಯಾದ ಆಟಗಳೇ ಸ್ವಾಮಿ! ಇನ್ನು ಬಿಡುಗಡೆಯಾಗದೆ ಹೋದವನ್ನು ಕೇಳುವವರು ಯಾರು? ದುಡ್ಡು ಕೊಟ್ಟು ಕೊಂಡದ್ದೂ ನಮ್ಮದಲ್ಲ ಎನ್ನುವ ಕಾಲ ಇದು. ಅಳಿಸುವ ಗುಂಡಿ ಒತ್ತುವವರು ಬೇರೆಲ್ಲೋ ಇದ್ದಾರೆ.

ನಾನೇನೂ ಸಾಚಾ ಅಲ್ಲ. ಒಮ್ಮೆ ನಮ್ಮ ಚಿತ್ರಕಾರರು ಮುಖಪುಟಕ್ಕೆ ಮೂರು ಚಿತ್ರ ಬರೆದುಕೊಟ್ಟರು. ಒಂದನ್ನು ಅಚ್ಚು ಹಾಕಿದೆವು. ಮೇಜು ಚೊಕ್ಕ ಮಾಡುವ ಹುಮ್ಮಸ್ಸಿನಲ್ಲಿ ಉಳಿದೆರಡನ್ನು ನಾನೇ ರದ್ದಿಗೆ ಹಾಕಿದೆ. ಎಷ್ಟೋ ವರ್ಷದ ಮೇಲೆ ಅವರು ಕೇಳಿದ್ದು ಆ ಎರಡನ್ನೇ. ಅಚ್ಚಾದದ್ದು ಅವರಿಗೆ ನೆನಪೂ ಇರಲಿಲ್ಲ.

ಕೊನೆಗೊಂದು ತಕರಾರು. ನಿಮ್ಮ ಪತ್ರದಲ್ಲಿ ಸಹಿಯ ಮೇಲೆ ಒಂದು ಸಾಲು ಬರೆದು ಗೀಚಿಹಾಕಿದ್ದೀರಿ. ದೀಪಕ್ಕೆ ಹಿಡಿದು ಓದಿದೆ, ಕ್ಷಮಿಸಿ. "ಆದರೂ ಆ ಆಟದ ಕೋಟೆಯ ಒಳಗೆ ಒಂದ್ಸಲ ಓಡಾಡಬೇಕು ಅನಿಸಿತು" ಅಂತಿದೆ. ಪತ್ರವನ್ನು ರದ್ದಿಗೆ ಹಾಕಿಲ್ಲ.